ಭದ್ರಾವತಿಯ ಬೀದಿಗಳಿಗೆ ಹೆಸರಿಟ್ಟವರು ಯಾರು?

ಕೇಳುಗರಿಗೆ ನಮಸ್ಕಾರ.

ಭದ್ರಾವತಿಯಲ್ಲಿ ಆಟೋ ಹತ್ತಿ ಪೇಪರ್ ಟೌನ್ ಅನ್ನಿ, ಕಾಗದನಗರ ಅನ್ನಿ, ಚಾಲಕರು ಮರುಮಾತಾಡದೆ ಕರೆದೊಯ್ಯುತ್ತಾರೆ. ಅಲ್ಲಿನ ಮೈಸೂರು ಕಾಗದ ಕಾರ್ಖಾನೆ ಹುಟ್ಟಿದ್ದು 1936ರಲ್ಲಿ. ಅದರ ಯಂತ್ರಗಳು ನಿಂತು ಎಷ್ಟೋ ವರ್ಷವಾಯಿತು. ವಿಳಾಸ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

ಈ ಊರಿನ ಹಳೇ ಹೆಸರು ಬೆಂಕಿಪುರ. ಭದ್ರಾ ನದಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ, ಸುತ್ತ ಒಂದಿಷ್ಟು ಮನೆ. ಕುಲುಮೆ ಬರುವ ಮುಂಚೆಯೇ ಹೆಸರಿನಲ್ಲಿ ಬೆಂಕಿ ಇತ್ತು, ನೋಡಿ! ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಶುರುವಾಯಿತು, 1923ರಲ್ಲಿ ಕಬ್ಬಿಣ ಹರಿಯಿತು. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲು ದೂರ, ಕಾಡು ಹತ್ತಿರ. ಹಾಗಾಗಿ ಮಲೆನಾಡಿನ ಮರ ಸುಟ್ಟ ಇದ್ದಿಲಿನಲ್ಲೇ ಕುಲುಮೆ ಉರಿಯಿತು. ಆಗ ಕಾರ್ಖಾನೆಯ ಮಂಡಳಿಗೆ ಅಧ್ಯಕ್ಷರಾಗಿ ಬಂದವರು ವಿಶ್ವೇಶ್ವರಯ್ಯನವರು.

ಕೆಲಸ ಬಂದ ಮೇಲೆ ಜನ ಬಂದರು. ಜನಕ್ಕೆ ಕ್ವಾರ್ಟರ್ಸ್ ಬೇಕಾಯಿತು. ಹೊಸದಾಗಿ ಕಟ್ಟಿದ ಕಡೆಗೆ ನ್ಯೂ ಟೌನ್ ಅಂದರು. ಅಲ್ಲಿಯವರೆಗೆ ಬರೀ ‘ಊರು’ ಆಗಿದ್ದದ್ದು ಓಲ್ಡ್ ಟೌನ್ ಆಗಿಹೋಯಿತು! ನ್ಯೂ ಟೌನಿನಲ್ಲಿ ಹುಟ್ಟಿದವರು ಅಲ್ಲೇ ರಿಟೈರ್ ಆದರು, ಅದು ಇನ್ನೂ ನ್ಯೂ ಟೌನೇ. ಹೊಸಮನೆ ಬಡಾವಣೆಯದೂ ಇದೇ ಪಾಡು ಅಲ್ವಾ? ಇನ್ನು ಜಿಂಕ್‌ಲೈನ್ ಅನ್ನುವ ಬಡಾವಣೆ. ಯಾವ ರಾಜನ ಹೆಸರೂ ಅಲ್ಲ, ಯಾವ ದೇವರದೂ ಅಲ್ಲ. ಕೇಳಿದ ಕೂಡಲೇ ಕಾರ್ಖಾನೆಯ ವಾಸನೆ ಬರುತ್ತದೆ. ನನಗೆ ತುಂಬಾ ಇಷ್ಟದ ಹೆಸರು.

ರಸ್ತೆಗಳಿಗಂತೂ ಸುಮ್ನೆ ದಿಕ್ಕು ನೋಡಿ ಹೆಸರಿಟ್ಟಿದ್ದಾರೆ. ತರೀಕೆರೆ ರಸ್ತೆ, ಚನ್ನಗಿರಿ ರಸ್ತೆ. ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಶಿವಮೊಗ್ಗದ ಪೇಟೆಯಲ್ಲೂ ಅದೇ ಹೆಸರು. ಹೆದ್ದಾರಿಯ ನಂಬರು 206 ಇದ್ದದ್ದು 69 ಆಯಿತು. ಅಂಗಡಿ ಬೋರ್ಡುಗಳಲ್ಲಿ ಇನ್ನೂ ಬಿ.ಎಚ್. ರಸ್ತೆಯೇ.

ಈಗ ಹೊಸ ಬಡಾವಣೆಗಳಿಗೆ ದೊಡ್ಡವರ ಹೆಸರಿಡುವುದು ಜಾಸ್ತಿಯಾಗಿದೆ. ಇಡಲಿ, ಬೇಡ ಅನ್ನುವುದಿಲ್ಲ. ಆದರೆ ಅಂಥ ಹೆಸರು ಯಾವ ಊರಿನಲ್ಲಾದರೂ ಇರುತ್ತದೆ. ಜಿಂಕ್‌ಲೈನಿನಂಥ ಹೆಸರಿಗೂ ನಗರಸಭೆಯವರು ಒಂದು ಒಳ್ಳೆಯ ಬೋರ್ಡು ಹಾಕಲಿ. ಕೆಳಗೆ ಎರಡು ಸಾಲು ಇರಲಿ: ಇಲ್ಲಿ ಯಾರು ವಾಸವಾಗಿದ್ದರು, ಯಾವ ಕೆಲಸಕ್ಕೆ ಹೋಗುತ್ತಿದ್ದರು. ಅದನ್ನು ಬರೆಸಲು ಬೇಕಾದ ವಿವರ ಹೇಳುವ ಹಿರಿಯರು ಆ ಓಣಿಗಳಲ್ಲೇ ಇದ್ದಾರೆ. ಬೇಗ ಹೋಗಿ ಕೇಳಬೇಕು, ಅಷ್ಟೇ.

ನಮಸ್ಕಾರ.