ಸೌಟು ಹಿಡಿಯದವರಿಗೆ ಹೋಟೆಲ್ ಯಾಕೆ?

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಹೋಟೆಲ್ ಇಡೋಕೆ ಅಡುಗೆ ಬರಬೇಕು ಅಂತೇನಿಲ್ಲ. ಒಳ್ಳೇ ಭಟ್ಟರನ್ನ ಇಟ್ಕೊಂಡ್ರೆ ಆಯ್ತು." ಓದಿದಾಗಿನಿಂದ ತಲೆ ಕೆಟ್ಟಿದೆ. ಹಾಗಾಗಿ ಇವತ್ತು ಇದೊಂದೇ ವಿಷಯ. ಸೌಟು ಹಿಡಿದು ಗೊತ್ತಿಲ್ಲದವರು ಹೋಟೆಲ್ ಇಡಬಾರದು.

ಬೆಂಗಳೂರಿನ ಎಂಟಿಆರ್ ನೋಡಿ. ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಮೊದಲು ಬೇರೆಯವರ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು. ಹೋಟೆಲ್ ಶುರುವಾಗಿದ್ದು 1924ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಗೆ ಹೋಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿಗೆ ತತ್ವಾರ ಬಂತು. ಅಕ್ಕಿ ಇಲ್ಲದೆ ಇಡ್ಲಿ ಎಲ್ಲಿಂದ? ಅಡುಗೆ ಬರದ ಮಾಲೀಕನಾಗಿದ್ದರೆ ಬೋರ್ಡಿನಿಂದ ಇಡ್ಲಿ ಅಳಿಸಿ ಸುಮ್ಮನಾಗುತ್ತಿದ್ದ. ಇವರು ರವೆಯಲ್ಲಿ ಮಾಡಿ ನೋಡಿದರು. ರವೆ ಇಡ್ಲಿ ಹುಟ್ಟಿದ್ದೇ ಹಾಗೆ ಅಂತ ಎಂಟಿಆರ್‌ನವರು ಹೇಳುತ್ತಾರೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋದರು. ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದವರು ಇಲ್ಲಿ ಪಾತ್ರೆ, ಲೋಟಗಳನ್ನು ಹಬೆಯಲ್ಲಿ ಶುದ್ಧ ಮಾಡಿಸತೊಡಗಿದರು. ಅಡುಗೆಮನೆಯಲ್ಲಿ ಬೆವರು ಸುರಿಸಿದವರ ಕಣ್ಣು ಮೊದಲು ಹೋಗುವುದು ಪಾತ್ರೆ ಕಡೆಗೇ, ಅಲ್ವಾ?

"ಅದು ಹಳೇ ಕಾಲ, ಈಗೆಲ್ಲ ಮ್ಯಾನೇಜ್‌ಮೆಂಟ್" ಅಂತೀರಿ. ಏನು ಮ್ಯಾನೇಜ್‌ಮೆಂಟ್ ಸ್ವಾಮಿ? ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಐದಕ್ಕೆ ಡಬ್ಬಿ ಮುಚ್ಚಳ ತೆಗೆದರೆ ಹಿಟ್ಟು ಉಬ್ಬಿಯೇ ಇಲ್ಲ. ರಾತ್ರಿ ಬೆಚ್ಚಗೆ ಇಡಲಿಲ್ಲವಾ? ಉದ್ದಿನಬೇಳೆ ಹಳೆಯದಾ? ರುಬ್ಬುವಾಗ ಗ್ರೈಂಡರ್ ಬಿಸಿಯಾಯಿತಾ? ಬೆರಳದ್ದಿ, ಮೂಸಿ, ಹೇಳಬೇಕು. ಎಕ್ಸೆಲ್ ಶೀಟ್ ಮೂಸಿದರೆ ಹುಳಿ ಗೊತ್ತಾಗುತ್ತಾ? ಹೊರಗೆ ಗಿರಾಕಿಗಳು ಕಾಯುತ್ತಿದ್ದಾರೆ. ನೀವು ಕ್ಯಾಶ್ ಕೌಂಟರಿನಲ್ಲಿ ಕೂತು ಭಟ್ಟರ ಮುಖ ನೋಡುತ್ತೀರಿ. ಭಟ್ಟರು ಬೇಳೆ ಸರಿ ಇಲ್ಲ ಅನ್ನುತ್ತಾರೆ, ಬೇಳೆಯವನು ಭಟ್ಟರು ಸರಿ ಇಲ್ಲ ಅನ್ನುತ್ತಾನೆ. ನಿಮಗೆ ಇಬ್ಬರನ್ನೂ ನಂಬಲೇಬೇಕಾದ ಗತಿ.

  

ವುಡ್‌ಲ್ಯಾಂಡ್ಸ್ ಹೋಟೆಲಿನ ಕೃಷ್ಣರಾಯರೂ ಮಯ್ಯರ ಹಾಗೇ. ಉಡುಪಿ ಕಡೆಯ ಕಡಂದಲೆಯವರು. ಪಾತ್ರೆ ತೊಳೆಯುವ ಕೆಲಸದಿಂದ ಮೇಲೆ ಬಂದವರು. 1938ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಇಟ್ಟರು. 1962ರಲ್ಲಿ ಕಾರಿನಲ್ಲೇ ಕೂತು ತಿನ್ನುವ ಡ್ರೈವ್-ಇನ್ ಮಾಡಿದರು. 2008ರಲ್ಲಿ ಅದು ಮುಚ್ಚಿದಾಗ ಇಡೀ ಚೆನ್ನೈ ಬೇಜಾರು ಮಾಡಿಕೊಂಡಿತು. ದುಡ್ಡು ಹಾಕಿ ದೂರ ನಿಂತವರಿಗೆ ಅಂಥ ಪ್ರೀತಿ ಸಿಗುತ್ತಾ? ಸಿಗಲ್ಲ!

"ದುಡ್ಡು ಹಾಕಿದವರೂ ಗೆದ್ದಿದ್ದಾರಲ್ಲ" ಅನ್ನುತ್ತೀರಿ. ಗೆದ್ದಿರಬಹುದು. ನನಗೆ ಅವರ ಲೆಕ್ಕ ಬೇಡ. ಭಾನುವಾರ ಬೆಳಗ್ಗೆ ಭಟ್ಟರು ಬರಲಿಲ್ಲ ಅಂದರೆ ಏಪ್ರನ್ ಕಟ್ಟಿ ಒಳಗೆ ಹೋಗುವವನೇ ಮಾಲೀಕ. ಉಳಿದವರು ಬಾಡಿಗೆ ಕಟ್ಟುವವರು. ಸಾಂಬಾರಿಗೆ ಉಪ್ಪು ಹೆಚ್ಚಾದರೆ ಬಾಯಿಗೆ ಬಿಟ್ಟುಕೊಂಡು ನೋಡಬೇಕಾದವರು ನೀವು. ನೀವೇ! ಬೇರೆ ಯಾರೂ ಅಲ್ಲ. ಅದು ಬೇಡ ಅಂದರೆ ಬಟ್ಟೆ ಅಂಗಡಿ ಇಡಿ, ಮೊಬೈಲ್ ಅಂಗಡಿ ಇಡಿ. ಹೋಟೆಲ್ ಬೇಡ. ಬೇಡ ಅಂದರೆ ಬೇಡ.

ನಿಮ್ಮ ಊರಲ್ಲಿ ಮಾಲೀಕರೇ ಒಲೆ ಮುಂದೆ ನಿಲ್ಲುವ ಹೋಟೆಲ್ ಇದ್ದರೆ ಕೆಳಗೆ ಬರೆಯಿರಿ. ಕ್ಯಾಮೆರಾ ಹಿಡಿದು ಬಂದೇ ಬರುತ್ತೇನೆ, ತಿಂದು ದುಡ್ಡು ಕೊಟ್ಟೇ ಹೋಗುತ್ತೇನೆ.