ಪುಷ್ಪಕ್ ಒಡಲು, ಕಾಫಿ ಸ್ಟೋರಿನಲ್ಲಿ

ಎಲ್ಲರಿಗೂ ನಮಸ್ಕಾರ. ಕಕ್ಕಡ ತಿಂಗಳ ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಮಾತು ಶುರು ಮಾಡುವ ಮೊದಲು ಈ ಪೈಪಿನ ತುಂಡನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ಕೈಯಿಂದ ಕೈಗೆ ದಾಟಿಸಿ. ಹೊರಗಿನ ಬಣ್ಣ ಚೆನ್ನಾಗಿಯೇ ಇದೆ. ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಆಮೇಲೆ ಮಾತಾಡುವ.

ಕೊಡಗಿನಲ್ಲಿ ವಿಮಾನ ಎಂದರೆ ನಮಗೆ ಮೊದಲು ನೆನಪಾಗುವುದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಮಿಸ್ಟೇರ್ ಯುದ್ಧವಿಮಾನ ಹಾರಿಸಿಕೊಂಡು ಹೋದವರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ನನ್ನದು ಅಂಥ ವಿಮಾನದ ಕಥೆಯಲ್ಲ. ನಮ್ಮ ಕಾಫಿ ಸ್ಟೋರಿನಲ್ಲಿ ಮೂಟೆಗಳನ್ನು ಸರಿಸಿ ಜಾಗ ಮಾಡಿಕೊಂಡು ನಿಂತಿರುವುದು ಪುಷ್ಪಕ್. ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿದ ಎರಡು ಸೀಟಿನ ಪುಟ್ಟ ವಿಮಾನ. ಅಮೆರಿಕದ ಏರೋಂಕಾ ಚೀಫ್ ಅದರ ಮಾದರಿ. 1958ರಲ್ಲಿ ಮೊದಲು ಹಾರಿತು, ಸುಮಾರು 160 ತಯಾರಾದವು, ಮೂಗಿನಲ್ಲಿ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳು ಕೈ ಪಳಗಿಸಿಕೊಂಡದ್ದು ಇದರ ಮೇಲೆ. ನಮ್ಮದು ಇನ್ನು ಹಾರುವುದಿಲ್ಲ, ನೋಡುವವರಿಗಾಗಿ ನಿಲ್ಲುತ್ತದೆ. ಆದರೂ ಹಾರುವ ವಿಮಾನಕ್ಕೆ ಮಾಡುವ ಹಾಗೆಯೇ ಮಾಡುತ್ತಿದ್ದೇವೆ. ನಾನು ಮೂವತ್ತು ವರ್ಷ ಬೇರೆ ರೀತಿಯಲ್ಲಿ ಕೆಲಸ ಮಾಡಿದವನಲ್ಲ, ಈಗ ಕಲಿಯಲಾರೆ.

ಇದರ ಒಡಲು ತಗಡಿನದ್ದಲ್ಲ. ತೆಳ್ಳಗಿನ ಉಕ್ಕಿನ ಪೈಪುಗಳ ಪಂಜರ, ಅದರ ಮೇಲೆ ಬಟ್ಟೆ. ಎಂಜಿನ್ನಿನ ಹಿಂದಿನಿಂದ ಬಾಲದವರೆಗೆ ಓಡುವ ನಾಲ್ಕು ಉದ್ದ ಪೈಪುಗಳಿಗೆ ಲಾಂಜರಾನ್ ಎನ್ನುತ್ತಾರೆ. ನಡುವೆ ನೆಟ್ಟಗಿನವು, ಓರೆಯವು, ರೈಲ್ವೆ ಸೇತುವೆಯ ಹಾಗೆ. ಹಲವು ಕಡೆ ಪೈಪಿನ ಗೋಡೆ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ.

ಲಾರಿಯಿಂದ ಇಳಿಸಿದ ದಿನ ಎಲ್ಲರ ಕಣ್ಣು ಹೋದದ್ದು ಎಡಗಡೆಯ ಚಕ್ರದ ಮೇಲೆ. ಯಾವಾಗಲೋ ಜೋರಾಗಿ ಇಳಿದು ಚಕ್ರದ ಕಾಲು ಮಡಚಿತ್ತು, ಅದು ಕೂರುವ ಜಾಗದ ಪೈಪುಗಳು ಒಳಕ್ಕೆ ಬಾಗಿದ್ದವು. ನೋಡಲು ಭಯಂಕರ, ಆದರೆ ನನಗೆ ಅದರ ಚಿಂತೆ ಇರಲಿಲ್ಲ. ಬಾಗಿದ್ದು ತಾನೇ ಹೇಳಿಕೊಳ್ಳುತ್ತದೆ. ನಾನು ದಬ್ಬಳ ಹಿಡಿದು ಬಾಲದ ಕಡೆಗೆ ಹೋದೆ. ಈ ವಿಮಾನ ಬಾಲ ಊರಿಕೊಂಡು ನಿಲ್ಲುವ ಜಾತಿ. ಒಳಗೆ ಸೇರಿದ ನೀರು, ಬೆವರಿದ ತೇವ ಎಲ್ಲ ಜಾರಿ ಕೆಳಗಿನ ಲಾಂಜರಾನ್‌ನ ತುದಿಯಲ್ಲಿ ನಿಲ್ಲುತ್ತದೆ. ಬಟ್ಟೆ ಕಳಚಿ, ಪೈಪಿನ ಹೊಟ್ಟೆಯ ಕೆಳಗೆ ಬೆರಳಗಲಕ್ಕೊಂದರಂತೆ ಚುಚ್ಚುತ್ತಾ ಬಂದೆ. ಟಕ್, ಟಕ್, ಟಕ್. ಒಂದು ಕಡೆ ಸದ್ದೇ ಬರಲಿಲ್ಲ, ದಬ್ಬಳ ಒಳಗೆ ಹೋಯಿತು. ಈಗ ನಿಮ್ಮ ಕೈಯಲ್ಲಿರುವ ತುಂಡು ಅಲ್ಲಿಯದು.

ಇನ್ನು ಕತ್ತರಿಸಿ ಹೊಸ ಪೈಪ್ ಹಾಕಬೇಕು. ನೆರವಿಗೆ ಬಂದವರು ನಮ್ಮ ಕಡೆಯ ಜೀಪ್ ಗ್ಯಾರೇಜಿನ ವೆಲ್ಡರ್ ಅಣ್ಣ. ಎಂಥ ವಿಲ್ಲೀಸ್ ಜೀಪನ್ನೂ ಕೆಸರಿನ ಎಸ್ಟೇಟ್ ರಸ್ತೆಗೆ ಮತ್ತೆ ಇಳಿಸಬಲ್ಲವರು. ನೋಡಿ ಹೇಳಿದರು: “ಸಾರ್, ಒಂದು ದಪ್ಪ ಪೈಪೇ ಹಾಕಿಬಿಡುವ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುವುದಿಲ್ಲ.”

ಜೀಪಿಗೆ ಅದು ಸರಿ. ಇಲ್ಲಿ ತಪ್ಪು. ಪಂಜರದಲ್ಲಿ ಒಂದು ಕಡೆ ವಿಪರೀತ ಗಟ್ಟಿ ಮಾಡಿದರೆ ಅದು ಬಾಗುವುದಿಲ್ಲ, ಬಾಗುವ ಕಷ್ಟವನ್ನೆಲ್ಲ ಪಕ್ಕದ ತೆಳು ಪೈಪಿಗೆ ದಾಟಿಸುತ್ತದೆ. ಬಿರುಕು ಅಲ್ಲಿ ಹುಟ್ಟುತ್ತದೆ. ಸಾಲದ್ದಕ್ಕೆ ತೂಕ ಕೂಡಿದ್ದು ಬಾಲದಲ್ಲಿ. ತಕ್ಕಡಿಯ ಕೋಲಿನ ತುದಿಯಲ್ಲಿ ಇಟ್ಟ ಕಾಲು ಕೆ.ಜಿ. ಎಷ್ಟು ಎಳೆಯುತ್ತದೆ ಎಂದು ಅಂಗಡಿಯವರಿಗೆ ಗೊತ್ತು. ಬಾಲ ಭಾರವಾದ ವಿಮಾನ ಪೈಲಟ್‌ನ ಕೈಗೆ ಸಿಗುವುದಿಲ್ಲ.

ಬಾಯಲ್ಲಿ ಹೇಳಿ ಒಪ್ಪಿಸುವುದು ಬೇಡವೆಂದು ಹಳೆಯ ಪೈಪಿನ ತುಂಡುಗಳಲ್ಲಿ ಎರಡು ಜೋಡಣೆ ಮಾಡಿದೆವು. ಒಂದನ್ನು ಅಡ್ಡ ಕತ್ತರಿಸಿ, ತುದಿಗೆ ತುದಿ ಇಟ್ಟು ಸುತ್ತ ಬೆಸೆದದ್ದು. ಇನ್ನೊಂದಕ್ಕೆ ಮೇಲೊಂದು ಸ್ಲೀವ್, ಅಂದರೆ ಹೊರಗೊಂದು ಗಿಡ್ಡ ಪೈಪ್, ತೊಡಿಸಿ, ಅದರ ತುದಿಗಳನ್ನು ಮೀನು ಬಾಯಿ ತೆರೆದ ಹಾಗೆ ಕತ್ತರಿಸಿ ಬೆಸೆದದ್ದು. ವೈಸ್‌ನಲ್ಲಿ ಹಿಡಿದು ಬಗ್ಗಿಸಿದಾಗ ಮೊದಲನೆಯದು ಬೆಸುಗೆಯ ಪಕ್ಕದಲ್ಲೇ ಮುರಿಯಿತು. ಬೆಸುಗೆ ಗಟ್ಟಿಯೇ ಇತ್ತು, ಅದರ ಪಕ್ಕ ಬೆಂದ ಉಕ್ಕಿನ ಉಂಗುರ ಕೈಕೊಟ್ಟಿತು. ಮೀನುಬಾಯಿಯಲ್ಲಿ ಆ ಬೆಂದ ಗೆರೆ ಒಂದೇ ಸುತ್ತಿನಲ್ಲಿ ಬೀಳದೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಅದು ಬಾಗಿತು, ಮುರಿಯಲಿಲ್ಲ. ಅಣ್ಣ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ. ಮರುದಿನ ಬರುವಾಗ ತೆಳು ಪೈಪಿನ ಬೆಸುಗೆಗೆ ತಕ್ಕ ಸಣ್ಣ ನಾಜಲ್ ತಂದಿದ್ದರು.

ಕತ್ತರಿಸುವ ಮೊದಲು ಪಂಜರವನ್ನು ಕದಲದಂತೆ ಜಿಗ್ ಎಂಬ ಚೌಕಟ್ಟಿನಲ್ಲಿ ಕಟ್ಟಿಹಾಕಬೇಕು. ಸಿಲ್ವರ್ ಓಕ್ ಹಲಗೆ, ಕಬ್ಬಿಣದ ಆ್ಯಂಗಲ್, ತೂಗುಗುಂಡು, ದಾರ, ಇಷ್ಟರಲ್ಲೇ ನಮ್ಮ ಜಿಗ್ ಆಯಿತು. ಬಾಗಿಲ ಚೌಕಟ್ಟಿಗೆ ಆಚಾರಿಗಳು ಮೂಲೆಯಿಂದ ಮೂಲೆಗೆ ಅಳೆಯುತ್ತಾರಲ್ಲ, ಅದೇ ಲೆಕ್ಕ. ಬೆಸುಗೆ ಆರುವಾಗ ಕುಗ್ಗಿ ತನ್ನ ಕಡೆಗೆ ಎಳೆಯುತ್ತದೆ. ಆದ್ದರಿಂದ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಪ್ರತಿ ಸಲ ಅಳತೆ. ಗಾಳಿ ಬಡಿದು ಬೇಗ ಆರಬಾರದೆಂದು ಸ್ಟೋರಿನ ಬಾಗಿಲು ಹಾಕಿಕೊಂಡು ಬೆವರಿದೆವು. ಮುಚ್ಚಿದ ಪೈಪಿಗೆ ಒಂದು ಚಿಕ್ಕ ತೂತು ಬಿಡುವುದು ಮರೆತರೆ ಒಳಗಿನ ಗಾಳಿ ಕಾದು, ಕರಗಿದ ಬೆಸುಗೆಯನ್ನೇ ಊದಿಬಿಡುತ್ತದೆ. ಒಂದು ಸಲ ಮರೆತೆ, ನಾನೇ. ಕೊನೆಗೆ ಆ ತೂತಿನಿಂದ ಬಿಸಿ ಅಗಸೆ ಎಣ್ಣೆ ಹೊಯ್ದು, ಒಡಲನ್ನು ಮಗುಚಿ ಒಳಗೆಲ್ಲ ಓಡಾಡಿಸಿ, ಬಸಿದು, ತೂತು ಮುಚ್ಚಿದೆವು. ತುಕ್ಕಿಗೆ ಇದು ಬಹಳ ಹಳೆಯ ಮದ್ದು.

ಉಳಿದದ್ದು ಬಟ್ಟೆ. ಹಿಂದೆ ಹತ್ತಿ ಬಟ್ಟೆ ಹೊದಿಸಿ ಡೋಪ್ ಎಂಬ ವಾರ್ನಿಷ್‌ನಂಥ ಲೇಪ ಬಳಿಯುತ್ತಿದ್ದರು, ಅದು ಒಣಗುತ್ತಾ ಬಟ್ಟೆಯನ್ನು ಮದ್ದಳೆಯಂತೆ ಬಿಗಿಯುತ್ತಿತ್ತು. ಈಗ ಪಾಲಿಯೆಸ್ಟರ್, ಇಸ್ತ್ರಿಪೆಟ್ಟಿಗೆಯ ಬಿಸಿಗೆ ಬಿಗಿಯುತ್ತದೆ. ಕೊನೆಯ ಬಿಸಿ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 177 ಸೆಲ್ಸಿಯಸ್. ಅದನ್ನು ಮೀರಿದರೆ ಬಿಗಿದದ್ದು ಸಡಿಲವಾಗುತ್ತದೆ. ಆದರೂ ಮೇಲೆ ನಾವು ಬಳಿಯುವುದು ಡೋಪನ್ನೇ, ಮತ್ತು ಅದಕ್ಕೆ ನಮ್ಮ ಮಳೆ ಶತ್ರು. ಡೋಪಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಆ ಲೇಪ ಸತ್ತ ಹಾಗೆ. ಹಾಗಾಗಿ ಬಟ್ಟೆಯ ಸುರುಳಿ ಅಟ್ಟದ ಮೇಲಿದೆ. ಪುತ್ತರಿ ಹಬ್ಬ ಕಳೆದು ಆಕಾಶ ಒಣಗಿದ ಮೇಲೆ ಹೊಲಿಗೆಗೆ ಕೂರುತ್ತೇವೆ, ಕೈ ಸೇರಿಸುವವರು ಬರಬಹುದು.

ಆ ತುಂಡು ಎಲ್ಲಿಗೆ ಬಂತು? ಹಿಂದಿನ ಸಾಲೇ? ತೂತು ಇನ್ನೂ ದೊಡ್ಡದಾಗಿದೆಯಲ್ಲ! ಪರವಾಗಿಲ್ಲ, ಹಾಗೆಯೇ ಇಲ್ಲಿಗೆ ತನ್ನಿ.