ಕಂಚಿ ಗೆದ್ದ ದೊರೆ, ಪಟ್ಟದಕಲ್ಲಿನ ಗುಡಿ

ನಮಸ್ಕಾರ. ಇದು ಬಾದಾಮಿಯ ಅಗಸ್ತ್ಯ ತೀರ್ಥ. ಆ ತುದಿಯಲ್ಲಿ ಕಾಣುವುದು ಭೂತನಾಥ ಗುಡಿ.

ಚಾಲುಕ್ಯರು ಅಂದ ಕೂಡಲೇ ನಮಗೆ ನೆನಪಾಗುವುದು ಇಮ್ಮಡಿ ಪುಲಿಕೇಶಿ, ಅಲ್ವಾ? ಹರ್ಷವರ್ಧನನನ್ನು ತಡೆದ ದೊರೆ. ಆದರೆ ನನಗೆ ಜಾಸ್ತಿ ಇಷ್ಟ ಅವನ ಮರಿಮಗನ ಮಗ, ಇಮ್ಮಡಿ ವಿಕ್ರಮಾದಿತ್ಯ.

642ರ ಸುಮಾರಿಗೆ ಕಂಚಿಯ ಪಲ್ಲವ ದೊರೆ ನರಸಿಂಹವರ್ಮ ಬಾದಾಮಿಗೇ ನುಗ್ಗಿದ. ಇದೇ ಊರಿನ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ. ‘ವಾತಾಪಿಕೊಂಡ’, ಅಂದರೆ ವಾತಾಪಿಯನ್ನು (ಬಾದಾಮಿಯ ಹಳೆಯ ಹೆಸರು) ಗೆದ್ದವನು, ಅಂತ ಬಿರುದು ಪಡೆದ. ರಾಜಧಾನಿ ಚಾಲುಕ್ಯರ ಕೈಗೆ ಮರಳಲು ಹತ್ತಿರ ಹತ್ತಿರ 13 ವರ್ಷ ಹಿಡಿಯಿತು. ಆಮೇಲೂ ಎರಡೂ ಮನೆತನಗಳ ಹಗೆ ತಣ್ಣಗಾಗಲಿಲ್ಲ.

733ರ ಹೊತ್ತಿಗೆ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ. ಕಂಚಿಯನ್ನು ಗೆದ್ದ. ಹಳೆಯ ಸೇಡಿಗೆ ಊರನ್ನು ಸುಡಬಹುದಿತ್ತು, ಗುಡಿಗಳನ್ನು ದೋಚಬಹುದಿತ್ತು. ಅವನು ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ! ಅದನ್ನು ಹೇಳುವ ಶಾಸನ ಇವತ್ತಿಗೂ ಅಲ್ಲಿನ ಮಂಟಪದ ಕಂಬದ ಮೇಲಿದೆ. ಕಂಚಿಯಲ್ಲಿ, ಕನ್ನಡದಲ್ಲಿ! ಕನ್ನಡದವರು ಅಲ್ಲಿಗೆ ಹೋದರೆ ಆ ಕಂಬವನ್ನು ಹುಡುಕಿ ನೋಡಲೇಬೇಕು.

ಈಗ ಪಟ್ಟದಕಲ್ಲಿಗೆ ಬಂದಿದ್ದೇವೆ. ಪಕ್ಕದಲ್ಲೇ ಮಲಪ್ರಭೆ. ಇದು ವಿರೂಪಾಕ್ಷ ಗುಡಿ. ಆ ಗೆಲುವಿನ ನೆನಪಿಗೆ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಆಗ ಇದರ ಹೆಸರು ಲೋಕೇಶ್ವರ. ಶಿಖರ ನೋಡಿ, ಸುತ್ತಲಿನ ಚಿಕ್ಕ ಚಿಕ್ಕ ಗುಡಿಗಳನ್ನು ನೋಡಿ. ಕಂಚಿಯ ಕೈಲಾಸನಾಥ ನೆನಪಾಗುತ್ತದೆ. ಸೋತವರ ಊರಿನ ಕಲೆಯನ್ನು ಇಷ್ಟು ಗೌರವದಿಂದ ಮನೆಗೆ ತಂದರಲ್ಲ, ಅದು ನನಗೆ ಯುದ್ಧದ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು.

ಮುಂದೆ ರಾಷ್ಟ್ರಕೂಟರ ದಂತಿದುರ್ಗ ಎದ್ದುನಿಂತ, ಬಾದಾಮಿಯ ಆಳ್ವಿಕೆ ಮುಗಿಯಿತು. ಆದರೆ ಅದೇ ರಾಷ್ಟ್ರಕೂಟರು ಎಲ್ಲೋರದಲ್ಲಿ ಬಂಡೆ ಕಡಿದು ಕೈಲಾಸ ಮಾಡಿಸಿದಾಗ, ಅದರಲ್ಲಿ ಈ ವಿರೂಪಾಕ್ಷದ ಹೋಲಿಕೆ ಉಳಿಯಿತು.

ಇಲ್ಲಿಗೆ ಬಂದರೆ ಸುಮ್ನೆ ಫೋಟೋ ತೆಗೆದು ಹೊರಡಬೇಡಿ. ಪೂರ್ವದ ಬಾಗಿಲ ಹತ್ತಿರ ಸ್ವಲ್ಪ ನಿಲ್ಲಿ. ಗುಡಿ ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿನ ಶಾಸನದಲ್ಲಿದೆ. ಕಂಚಿಯನ್ನು ಮೂರು ಸಲ ಗೆದ್ದ ದೊರೆಯ ರಾಣಿಯ ಗುಡಿ ಇದು ಅಂತಲೂ ಬರೆದಿದೆ. ಇನ್ನೊಂದು ಶಾಸನದಲ್ಲಿ ಹಾಡುಗಾರರಿಗೆ ಮಾವ ವಿಜಯಾದಿತ್ಯ ಕೊಟ್ಟಿದ್ದ ದತ್ತಿಯನ್ನು ಲೋಕಮಹಾದೇವಿ ಹಾಗೆಯೇ ಮುಂದುವರಿಸಿದ್ದಾಳೆ.